ಸಾಗವಾನಿಯ ಕಾವು

“ಅಂವಾ ಹೊಡಿತಾನ, ಆಕಿ ಉಳಿ ಹಿಡಿತಾಳ. ಗಂಡ ಹೆಂಡತಿ ಕೆಲಸ ನೋಡೂಹಂಗ ಇರ್ತದ್ರಿ,” ಎಂದು ಹೇಮಂತ ಕಂಪೌಂಡ್ ಗೋಡೆಯ ಆಚೆಯಿಂದ ಹೇಳಿದಾಗ ಧೀರೇಂದ್ರನ ಕೈಯಲ್ಲಿದ್ದ ಪಾಲಿಶ್ ಕಾಗದ ಅಲ್ಲಿಯೇ ನಿಂತಿತು.

“ಯಾರು?”

“ಬೀರಣ್ಣರೀ, ಘೋಣಸಗಿಯಂವಾ. ನಮ್ಮ ಹಳೇ ಪಾಯಾ ಒಡದು ಹೋದನಲ್ಲ? ಇಲ್ಲಿಗೆ ಒಬ್ಬನ ಬರ್ತಿದ್ದ. ಈಗ ಹೊನವಾಡದಾಗ ಬಾವಿ ಕೆಲಸಕ್ಕ ಹೋಗ್ಯಾನ. ಬಂಡಿಗಲ್ಲಿಗೆ ತೂತು ಹಾಕೂಮುಂದ ಹೆಂಡತಿ ಉಳಿ ಹಿಡದು ಮುಂದ ಕೂಡತಾಳಂತ. ನೀವು ಕೊಟ್ಟ ಘಣ ನೋಡಿ ಅಲ್ಲಿ ಮಂದಿ ಬೆರಗಾಗ್ಯಾರಂತ್ರಿ. ಸಾಹೇಬ್ರಿಗೆ ಹೇಳ್ರಿ ಅಂತ ನಿನ್ನೆ ಫೋನ್ ಮಾಡಿದ್ದ.”

ಒಳ್ಳೆಯ ಸುದ್ದಿ ಮುಟ್ಟಿಸಿದ ಖುಷಿಯಲ್ಲಿ ಹೇಮಂತ ಸ್ಕೂಟರ್ ಹತ್ತಿ ಆಫೀಸಿಗೆ ಹೋದ. ಧೀರೇಂದ್ರ ವರಾಂಡದ ಮೆಟ್ಟಿಲ ಮೇಲೆ ಕುಳಿತ. ತೊಡೆಯ ಮೇಲೆ ಅರ್ಧ ಉಜ್ಜಿದ ಬಾಚಿಯ ಹಿಡಿ ಇತ್ತು. ಅದನ್ನು ಎತ್ತಿ ಪಕ್ಕಕ್ಕೆ ಇಡುವುದೂ ಅವನಿಗೆ ನೆನಪಾಗಲಿಲ್ಲ.

ನಿವೃತ್ತರಾದವರಿಗೆ ಒಂದೊಂದು ಹುಚ್ಚು ಇರುತ್ತದೆ. ಕೆಲವರು ನಸುಕಿನಲ್ಲಿ ಗೋಳಗುಮ್ಮಟದ ಸುತ್ತ ನಡೆಯುತ್ತಾರೆ, ಕೆಲವರು ನಡೆಯಲಾಗದ ಮೊಣಕಾಲಿನ ಬಗ್ಗೆ ಮಾತಾಡುತ್ತಾರೆ. ಮೂವತ್ನಾಲ್ಕು ವರ್ಷ ವಿಮಾ ಕಚೇರಿಯಲ್ಲಿ ಕಾಗದ ತಿರುವಿದ ಧೀರೇಂದ್ರನದು ಹಳೆಯ ಸುತ್ತಿಗೆ, ಕೊಡಲಿ, ಬಾಚಿಗಳ ಹುಚ್ಚು. ಬಾಬುವಿನ ಗುಜರಿ ಅಂಗಡಿಯಲ್ಲಿ ತುಕ್ಕು ಹಿಡಿದು ಬಿದ್ದ ಕಬ್ಬಿಣ ಹೆಕ್ಕಿ ತರುವುದು, ಸೀಮೆಎಣ್ಣೆಯಲ್ಲಿ ನೆನೆಸಿ ಉಜ್ಜುವುದು, ಹೊಸ ಕಾವು, ಅಂದರೆ ಮರದ ಹಿಡಿ, ಕೆತ್ತಿ ಕೂರಿಸುವುದು. ವರಾಂಡದ ಹಲಗೆಯ ಮೇಲೆ ಮೂವತ್ತೇಳು ಹತ್ಯಾರಗಳು ಮದುವೆಮನೆಯ ಹುಡುಗಿಯರಂತೆ ಮಿರಿಮಿರಿ ಮಿಂಚುತ್ತ ನಿಂತಿದ್ದವು. ಒಂದನ್ನೂ ಬಳಸಲು ಅವನು ಬಿಡುತ್ತಿರಲಿಲ್ಲ. “ನಮ್ಮನ್ಯಾಗ ಒಂದು ಮೊಳಿ ಹೊಡಿಯೂದಿದ್ರ ಹೇಮಂತನ ಮನಿಯಿಂದ ಸುತ್ತಗಿ ತರಬೇಕು ನೋಡ್ರಿ,” ಎಂದು ಹೆಂಡತಿ ಶರ್ವರಿ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದಳು. ಅವನೂ ನಗುತ್ತಿದ್ದ, ಆದರೆ ಆ ಮಾತು ಪ್ರತಿ ಸಲವೂ ಎಲ್ಲೋ ಚುಚ್ಚುತ್ತಿತ್ತು.

ಘಣ ಎಂದರೆ ಕಲ್ಲೊಡೆಯುವ ದೊಡ್ಡ ಸುತ್ತಿಗೆ. ಅದನ್ನು ಮಾರುವಾಗ ಬಾಬು ಹೇಳಿಯೇ ಕೊಟ್ಟಿದ್ದ. “ಇದಕ್ಕ ಜಾಲಿ ಕಟಗಿ ಹಾಕ್ರಿ ಸಾಹೇಬ್ರ, ಇಲ್ಲಾ ಬಿದರ ಹಾಕ್ರಿ. ಪೆಟ್ಟು ತಿನ್ನೂ ಕಟಗಿ ಬೇರೆ, ಚಂದ ಕಾಣೂ ಕಟಗಿ ಬೇರೆ.” ಧೀರೇಂದ್ರ ಸಾಗವಾನಿ ಹಾಕಿದ. ಸಾಗವಾನಿಯ ಎಳೆಗಳು ವಾರ್ನಿಶ್ ಹಚ್ಚಿದಾಗ ಜೇನಿನ ಬಣ್ಣಕ್ಕೆ ತಿರುಗುತ್ತವೆ ಎಂಬುದೊಂದೇ ಕಾರಣ. ಮೂರು ವಾರ ಉಜ್ಜಿ ಉಜ್ಜಿ ಹದಕ್ಕೆ ತಂದ. ಕೊನೆಗೆ ಕಾವಿನ ತುದಿಯನ್ನು ಘಣದ ತೂತಿಗೆ ಏರಿಸಿ ಬೆಣೆ ಬಡಿಯುವಾಗ ‘ಟಿಕ್’ ಎಂದು ಸಣ್ಣದೊಂದು ಸದ್ದು ಬಂತು. ಕಬ್ಬಿಣದ ಬಾಯಿಂದ ಕೆಳಗೆ ನಾಲ್ಕು ಬೆರಳು ಉದ್ದಕ್ಕೆ ಕೂದಲೆಳೆಯಂಥ ಸೀಳು.

ಅಂಥ ಕಾವನ್ನು ಕಿತ್ತು ಒಲೆಗೆ ಹಾಕಬೇಕು. ಈ ಕೆಲಸದ ಅ ಆ ಬಲ್ಲ ಯಾರೂ ಇನ್ನೊಂದು ಮಾತಾಡುವುದಿಲ್ಲ. ಧೀರೇಂದ್ರನಿಗೂ ಗೊತ್ತಿತ್ತು. ಆದರೆ ಮೂರು ವಾರದ ಕೆಲಸ! ಗರಗಸದ ಹುಡಿಯನ್ನು ಅಂಟಿನಲ್ಲಿ ಕಲಸಿ ಸೀಳಿಗೆ ತುಂಬಿದ, ಹುರಿ ಸುತ್ತಿ ಎರಡು ದಿನ ಬಿಗಿದಿಟ್ಟ, ಉಜ್ಜಿದ, ಮೂರು ಸಲ ವಾರ್ನಿಶ್ ಹಚ್ಚಿದ. ಸೀಳು ಎಲ್ಲಿತ್ತೆಂದು ಆಮೇಲೆ ಅವನೇ ಕನ್ನಡಕ ಹಾಕಿ ಹುಡುಕಬೇಕಾಯಿತು. ಹಲಗೆಯ ಮೇಲೆ ನಿಲ್ಲುವ ಘಣಕ್ಕೆ ಇಷ್ಟು ಸಾಕು ಅಂದುಕೊಂಡ. ಹಲಗೆಯ ಮೇಲೆಯೇ ನಿಂತಿದ್ದರೆ ಸಾಕೂ ಆಗುತ್ತಿತ್ತು.

ಹೇಮಂತನ ಮನೆಯ ಪಾಯ ಒಡೆಯುತ್ತಿದ್ದ ಬೀರಣ್ಣ ಒಂದು ಮಧ್ಯಾಹ್ನ ನೀರು ಕೇಳಿಕೊಂಡು ಬಂದ. ಅವನ ಘಣದ ಬಿದಿರು ಕಾವು ಅದೇ ಆಗ ಮುರಿದಿತ್ತು. ಹೇಮಂತನೂ ಜೊತೆಗಿದ್ದ. ಬೀರಣ್ಣ ನೀರು ಕುಡಿಯುವುದನ್ನು ಬಿಟ್ಟು ಹಲಗೆಯನ್ನೇ ನೋಡುತ್ತ ನಿಂತ. ಇಷ್ಟು ವರ್ಷದಲ್ಲಿ ಆ ಹತ್ಯಾರಗಳನ್ನು ‘ಇವುಗಳಿಂದೇನು ಉಪಯೋಗ’ ಎಂಬ ಕಣ್ಣಿನಿಂದ ನೋಡದ ಮೊದಲ ಮನುಷ್ಯ ಅವನು. ಕೈ ಒರೆಸಿಕೊಂಡು ಘಣವನ್ನು ಎತ್ತಿದ, ಕಾವಿನ ಮೇಲೆ ಅಂಗೈ ಎಳೆದ.

“ಯಾರು ಮಾಡ್ಯಾರ್ರಿ ಇದನ್ನ?”

“ನಾನ.”

“ಸಾಹೇಬ್ರ, ನಿಮ್ಮ ಕೈಯಾಗ ವಿದ್ಯೆ ಐತ್ರಿ.”

ಅರವತ್ತೊಂದು ವರ್ಷದಲ್ಲಿ ಧೀರೇಂದ್ರನಿಗೆ ಯಾರೂ ಹೇಳದಿದ್ದ ಮಾತು ಅದು. “ತಗೊಂಡು ಹೋಗು, ನಿನಗ ಇರಲಿ,” ಎಂದು ಬಾಯಿ ಆಡಿಬಿಟ್ಟಿತು. ಆಡಿದ ಮೇಲೆ ಸೀಳು ನೆನಪಾಯಿತು. ಹೇಳಬೇಕೆಂದು ತುಟಿ ತೆರೆದ. ಅಷ್ಟರಲ್ಲಿ ಶರ್ವರಿ ಬೆಲ್ಲದ ತುಣುಕು ಹಿಡಿದು ಹೊರಗೆ ಬಂದಳು. ‘ಅದು ಬರೀ ಶೋಕಿಗೆ ಮಾಡಿದ್ದು, ಕೆಲಸಕ್ಕೆ ಬಾರದು’ ಎಂದು ಅವಳ ಎದುರಿಗೆ, ಹೇಮಂತನ ಎದುರಿಗೆ ಹೇಳುವುದೆಂದರೆ ತನ್ನ ಬಾಯಿಂದಲೇ ಅವಳ ನಗೆಯನ್ನು ನಿಜ ಮಾಡಿದಂತೆ. ತುಟಿ ಮುಚ್ಚಿದ.

ಆಮೇಲಿನ ಎರಡು ದಿನ ಗೋಡೆಯ ಆಚೆಯಿಂದ ಬರುವ ಒಂದೊಂದು ಪೆಟ್ಟನ್ನೂ ಕೇಳುತ್ತ ಕುಳಿತ. ಒಬ್ಬನೇ ಇದ್ದಾನೆ, ಘಣದ ತಲೆ ಕಳಚಿದರೂ ಮುಂದಿನ ಮಣ್ಣಿಗೆ ಬೀಳುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಪಾಯದ ಕೆಲಸ ಮುಗಿದು ಸದ್ದು ನಿಂತಾಗ ಗಂಡಾಂತರ ಕಳೆಯಿತೆಂದು ನೆಮ್ಮದಿಯ ಉಸಿರು ಬಿಟ್ಟ. ಘಣ ಊರು ದಾಟಿ ಹೋಯಿತು, ಸೀಳೂ ಅದರ ಸಂಗಡ ಹೋಯಿತು ಎಂಬುದನ್ನು ಮಾತ್ರ ಯೋಚಿಸಲಿಲ್ಲ.

ಈಗ ಅದರ ಮುಂದೆ ಒಬ್ಬ ಹೆಂಗಸು ಕೂಡುತ್ತಿದ್ದಾಳೆ.

ಬೀರಣ್ಣನಿಗೆ ಫೋನ್ ಹಚ್ಚಿದ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದಿತು. ಬಾವಿಯ ತಳಕ್ಕೆ ಯಾವ ಸಿಗ್ನಲ್ ಇಳಿಯಬೇಕು? ಹೊಲದ ಯಜಮಾನನ ನಂಬರ್ ಹೇಮಂತನ ಹತ್ತಿರ ಇದ್ದೇ ಇತ್ತು. ಕೇಳಿದರೆ ಯಾಕೆ ಎನ್ನುತ್ತಾನೆ. ಹೇಮಂತನಿಗೆ ಗೊತ್ತಾದದ್ದು ಸಂಜೆಯೊಳಗೆ ಇಡೀ ಕಾಲೊನಿಗೆ ಗೊತ್ತಾಗುತ್ತದೆ. ತಾನೇ ಹೋಗಿ, ಏನಾದರೂ ನೆವ ಹೇಳಿ, ಘಣ ವಾಪಸು ತಂದುಬಿಟ್ಟರೆ ಮುಗಿಯಿತು. ಯಾರಿಗೂ ಏನೂ ತಿಳಿಯುವುದಿಲ್ಲ, ಯಾರಿಗೂ ಏನೂ ಆಗುವುದಿಲ್ಲ. ಹಲಗೆಯ ಹಿಂಬದಿಯಲ್ಲಿ ಜಾಲಿ ಕಾವಿನ ಇನ್ನೊಂದು ಸುತ್ತಿಗೆ ಇತ್ತು, ಚಂದವಿಲ್ಲವೆಂದು ಹಿಂದೆ ತಳ್ಳಿದ್ದು. ಗಟ್ಟಿ ಕೆಲಸ. ಅದನ್ನು ಚೀಲಕ್ಕೆ ಹಾಕಿಕೊಂಡ.

“ಎಲ್ಲಿಗೆ?” ಎಂದಳು ಶರ್ವರಿ.

“ಹೊನವಾಡಕ್ಕ. ಬೀರಣ್ಣನ ಘಣಕ್ಕ ಇನ್ನೊಂದು ಸಲ ಬಣ್ಣಾ ಹಚ್ಚಬೇಕಾಗೇದ.”

“ಬಣ್ಣಾ ಹಚ್ಚಲಿಕ್ಕೆ ಅಷ್ಟು ದೂರ ಹೋಗ್ತೀರಿ? ಮದಲಗಿತ್ತಿ ಆತು ಬಿಡ್ರಿ ಅದು,” ಎಂದು ಅವಳು ನಕ್ಕಳು. ಅವನ ಮುಖ ನೋಡಿ ನಗು ಅರ್ಧಕ್ಕೇ ಬಿಟ್ಟಳು.

ತಿಕೋಟಾ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಫೆಬ್ರವರಿಯ ಬಿಸಿಲು ಹತ್ತೂವರೆಗೇ ಚುರುಕಾಗಿತ್ತು. ಕೊಯ್ದ ಜೋಳದ ಹೊಲಗಳಲ್ಲಿ ಕೂಳೆ ಒಣಗಿ ನಿಂತಿತ್ತು. ಒಣ ಗಾಳಿ ಮುಖಕ್ಕೆ ಬಡಿಯಿತು. ಕಟ್ಟಿಗೆಗೆ ಇದಕ್ಕಿಂತ ಕೆಟ್ಟ ಹವೆ ಇಲ್ಲ. ಇಂಥ ಗಾಳಿಗೆ ಕಾವು ಕುಗ್ಗುತ್ತದೆ, ಬೆಣೆ ಸಡಿಲಾಗುತ್ತದೆ, ಅಂಟು ಪುಡಿಯಾಗುತ್ತದೆ ಎಂದು ಲೆಕ್ಕ ಹಾಕುತ್ತ ಕುಳಿತ. ಬೇಡವೆಂದರೂ ಮನಸ್ಸು ಅದನ್ನೇ ಹಾಕುತ್ತಿತ್ತು. ತಿಕೋಟಾ ಇನ್ನೂ ಎರಡು ಕಿಲೋಮೀಟರ್ ಇರುವಾಗ ಎದುರಿನಿಂದ ಅಂಬುಲೆನ್ಸ್ ಒಂದು ಕೂಗುತ್ತ ಬಂದು ಬಸ್ಸಿನ ಪಕ್ಕದಲ್ಲೇ ವಿಜಯಪುರದ ಕಡೆ ಹಾರಿಹೋಯಿತು. ಧೀರೇಂದ್ರ ಸೀಟಿನಿಂದ ಅರ್ಧ ಎದ್ದ.

“ಎಲ್ಲಿಂದ ಬಂತ್ರಿ ಅದು?”

“ಯಾರಿಗ್ಗೊತ್ರಿ,” ಎಂದ ಕಂಡಕ್ಟರ್. “ಹೊನವಾಡ ಕಡಿಂದ ಇರಬೇಕು. ಬಾಣಂತಿ ಗೀಣಂತಿ ಇರ್ತಾರ. ಕೂಡ್ರಿ, ಬೀಳ್ತೀರಿ.”

ತಿಕೋಟಾದಲ್ಲಿ ಇನ್ನೊಂದು ಬಸ್ಸಿಗೆ ಮುಕ್ಕಾಲು ತಾಸು ಕಾಯಬೇಕಾಯಿತು. ಮತ್ತೆ ಫೋನ್ ಹಚ್ಚಿದ. ಅದೇ ಹೆಣ್ಣುದನಿ, ಅದೇ ಮಾತು. ಹೊನವಾಡದಲ್ಲಿ ಇಳಿದಾಗ ಗಂಟೆ ಒಂದು ದಾಟಿತ್ತು. ದ್ರಾಕ್ಷಿಯ ಖಾಲಿ ಕ್ರೇಟು ಹೇರಿಕೊಂಡು ಹೊರಟಿದ್ದ ಟ್ರ್ಯಾಕ್ಟರ್ ಅವನನ್ನು ಹೊಲದ ಯಜಮಾನ ಭೀಮಾಶಂಕರನ ತೋಟದ ತಿರುವಿಗೆ ಇಳಿಸಿತು. ಬಾವಿ ಹಳೆಯದು. ಯಂತ್ರ ಇಳಿಸಲು ದಾರಿಯಿಲ್ಲ, ಸುತ್ತ ದ್ರಾಕ್ಷಿ ಚಪ್ಪರವಿರುವುದರಿಂದ ಸಿಡಿಮದ್ದು ಹಾಕುವಂತೆಯೂ ಇಲ್ಲ. ಹಾಗಾಗಿ ತಳದ ಬಂಡೆಯನ್ನು ಕೈಯಿಂದಲೇ ಸೀಳಿ ಆಳ ಮಾಡಿಸುತ್ತಿದ್ದಾರೆ ಎಂದು ಟ್ರ್ಯಾಕ್ಟರಿನವನು ದಾರಿಯುದ್ದಕ್ಕೂ ವಿವರಿಸಿದ್ದ.

ಚಪ್ಪರಗಳ ನಡುವೆ ಹೆಜ್ಜೆ ಹಾಕುತ್ತ ಧೀರೇಂದ್ರ ಕಿವಿಗೊಟ್ಟ. ಕಲ್ಲಿನ ಪೆಟ್ಟು ಅರ್ಧ ಮೈಲಿಗೆ ಕೇಳಬೇಕು. ಕೇಳುತ್ತಿರಲಿಲ್ಲ. ಬಾವಿಯ ದಡದಲ್ಲಿ ನಾಲ್ಕೈದು ಗಂಡಸರು ಬಗ್ಗಿ ಒಳಗೆ ನೋಡುತ್ತಿದ್ದರು. ಯಾರೂ ಮಾತಾಡುತ್ತಿರಲಿಲ್ಲ.

“ಯಾರ್ರಿ?” ಒಬ್ಬ ತಿರುಗಿದ. ಬಿಳಿ ಟೋಪಿ, ಕೈಯಲ್ಲಿ ಮೊಬೈಲು. ಅವನೇ ಭೀಮಾಶಂಕರ.

“ಬೀರಣ್ಣ... ಬೀರಣ್ಣನ ಹೆಂಡತಿ...”

“ಇಲ್ಲೇ ಅದಾರಲ್ರಿ, ತಳದಾಗ ರೊಟ್ಟಿ ತಿಂದು ಈಗ ಎದ್ರು. ಕಲ್ಲಿನ ಬಿರುಕು ಎತ್ತಾಗ ಹೋಗೇತಿ ನೋಡಾಕತ್ತೇವಿ. ನೀವು ಯಾರು?”

ಧೀರೇಂದ್ರನಿಗೆ ಅಲ್ಲೇ ಕುಕ್ಕರಿಸಿ ಕುಳಿತು ಅಳಬೇಕೆನಿಸಿತು. ಹೆಸರು ಹೇಳಿದ. ಹೆಸರು ಹೇಳಿದ್ದೇ ತಡ, “ಏ ಬೀರಣ್ಣಾ, ನಿನ್ನ ವಿಜಾಪುರ ಸಾಹೇಬ್ರು ಬಂದಾರೋ, ಘಣದ ಸಾಹೇಬ್ರು!” ಎಂದು ಭೀಮಾಶಂಕರ ಬಾವಿಯೊಳಗೆ ಕೂಗಿದ. ಉಳಿದವರು ಜಾಗ ಬಿಟ್ಟು ನಿಂತು ಕೈಮುಗಿದರು. ಇಂಥ ಘಣ ಈ ಸೀಮೆಯಲ್ಲೇ ಇಲ್ಲ ಎಂದು ಒಬ್ಬ, ತನ್ನ ಕೊಡಲಿಗೂ ಒಂದು ಕಾವು ಹಾಕಿಕೊಡಬೇಕೆಂದು ಇನ್ನೊಬ್ಬ. ಬೇರೆ ದಿನವಾಗಿದ್ದರೆ ಆ ಮಾತುಗಳು ಅವನಿಗೆ ಒಂದು ವರ್ಷಕ್ಕೆ ಸಾಕಾಗುತ್ತಿದ್ದವು.

ಮೆಟ್ಟಿಲಿಳಿದು ತಳಕ್ಕೆ ಬಂದ. ಬಂಡೆಯ ಮೇಲೆ ಗೇಣಿಗೊಂದರಂತೆ ತೂತುಗಳ ಸಾಲು. ಕೊನೆಯ ತೂತಿನ ಮುಂದೆ ಬೀರಣ್ಣನ ಹೆಂಡತಿ ಭೀಮಾಬಾಯಿ ಕಾಲು ಮಡಚಿ ಕುಳಿತು ಕೈಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದಳು. ಐವತ್ತರ ಹತ್ತಿರದ ಗಟ್ಟಿ ಹೆಂಗಸು, ಎಡಗೈ ಹೆಬ್ಬೆರಳಿನ ಉಗುರು ಕಪ್ಪಗಾಗಿತ್ತು. ಅವಳು ಉಳಿಯನ್ನು ಎರಡೂ ಕೈಯಲ್ಲಿ ನೆಟ್ಟಗೆ ಹಿಡಿಯಬೇಕು, ಬೀರಣ್ಣ ಅದರ ತಲೆಗೆ ಹೊಡೆಯಬೇಕು, ಪೆಟ್ಟಿಗೊಮ್ಮೆ ಅವಳು ಉಳಿಯನ್ನು ಒಂದಿಷ್ಟು ತಿರುಗಿಸಬೇಕು. ಅವಳ ಹಣೆಗೂ ಉಳಿಯ ತಲೆಗೂ ನಡುವೆ ಒಂದು ಮೊಳವೂ ಇರುವುದಿಲ್ಲ ಎಂಬುದು ಅವಳು ಕುಳಿತ ರೀತಿಯಿಂದಲೇ ತಿಳಿಯುತ್ತಿತ್ತು.

“ಬರ್ರಿ ಬರ್ರಿ ಸಾಹೇಬ್ರ,” ಎಂದ ಬೀರಣ್ಣ. ಹಣೆಯ ತುಂಬ ಭಂಡಾರದ ಅರಿಶಿನ, ತಲೆಗೆ ಬಿಗಿದ ವಸ್ತ್ರ. “ಇಕಿ ನೋಡ್ರಿ ನಮ್ಮಾಕಿ, ಭೀಮಾಬಾಯಿ. ನಾ ಕುರಿ ಕಾಯಾಂವಾ. ಕಲ್ಲಿನ ಕೆಲಸ ಇಕಿ ತೌರಮನ್ಯಾಗ ಕಲ್ತದ್ದು.” ಹೆಂಡತಿಯ ಕಡೆ ಬಗ್ಗಿ ಗಟ್ಟಿಯಾಗಿ ಕೂಗಿದ: “ಇವ್ರ ನೋಡ, ಕಾವು ಹಾಕಿದ ಸಾಹೇಬ್ರು!”

“ನನಗ ಕಿವಿ ಮಂದ ಆಗ್ಯಾವ್ರಿ ಯಪ್ಪಾ, ಕಲ್ಲಿನ ಸಪ್ಪಳಕ್ಕ,” ಎಂದು ಅವಳು ನಕ್ಕು ಕೈಮುಗಿದಳು. “ಭಾಳ ಛಂದ ಮಾಡೀರಿ. ನಮ್ಮಪ್ಪನ ಕಾಲದಾಗೂ ಇಂಥಾದ್ದು ಕಂಡಿಲ್ಲ.”

ಘಣ ಅಲ್ಲೇ ನೀರಿನ ಬಕೆಟ್ಟಿನಲ್ಲಿ ತಲೆಕೆಳಗಾಗಿ ಮುಳುಗಿತ್ತು.

“ನೀರಾಗ ಯಾಕ ಇಟ್ಟೀರಿ?”

“ನಿನ್ನಿ ಮಧ್ಯಾಹ್ನದಿಂದ ತಲಿ ಒಂಚೂರು ಅಳ್ಳಾಡಾಕತ್ತಿತ್ರಿ. ರಾತ್ರಿಪೂರಾ ನೆನಿಸೀನಿ. ಕಟಗಿ ನೀರು ಕುಡದು ಉಬ್ಬಿ, ಮುಂಜಾನಿಯಿಂದ ಕಲ್ಲು ನಿಂತಂಗ ನಿಂತೈತಿ.” ಈ ಸೀಮೆಯಲ್ಲಿ ಸಡಿಲಾದ ಕಾವಿಗೆ ಎಲ್ಲರೂ ಮಾಡುವ ಮದ್ದು ಅದು. ಜಾಲಿಗೆ ನಡೆಯುತ್ತದೆ. ಹುಡಿ ಅಂಟು ತುಂಬಿ ಮುಚ್ಚಿದ ಸೀಳಿಗೆ ನೀರೇ ವಿಷ.

ಧೀರೇಂದ್ರ ಚೀಲ ಬಿಚ್ಚಿದ. “ಬೀರಣ್ಣ, ಇದು ನೋಡು. ಜಾಲಿ ಕಾವು. ನಿನಗಂತನ ತಂದೀನಿ. ಇದನ್ನ ಇಟ್ಕೋ, ಅದನ್ನ ಕೊಡು. ಅದಕ್ಕ ಇನ್ನೊಂದು ಸಲ ಬಣ್ಣಾ ಹಚ್ಚಿ ತಂದು ಕೊಡ್ತೀನಿ.”

ಬೀರಣ್ಣ ಸುತ್ತಿಗೆಯನ್ನು ಅಂಗೈಯಲ್ಲಿ ತೂಗಿದ. “ಕೆಲಸ ಗಟ್ಟಿ ಐತಿ. ಆದ್ರ ಇದು ಹಗುರಾತ್ರಿ, ಈ ಬಂಡಿಗಲ್ಲಿಗೆ ಆಗೂದಿಲ್ಲ. ಇನ್ನ ಎರಡ ತೂತು ಉಳದಾವ. ಅವು ಮುಗಸಿ ಕೊಡ್ತೀನಿ ತಗೋರಿ.”

“ಈಗ ಕೊಡು.”

“ಬಣ್ಣಕ್ಕ ಇಷ್ಟು ಅವಸರ ಏನ್ರಿ?”

“ಇಲ್ಲ, ಬಸ್ ಅದ ನನಗ...”

ಬೀರಣ್ಣ ಬಕೆಟ್ಟಿನಿಂದ ಘಣವನ್ನು ಎತ್ತಿ, ನೀರು ಝಾಡಿಸಿ, ಬಂಡೆಗೆ ಮೆಲ್ಲಗೆ ಒಮ್ಮೆ ತಾಗಿಸಿದ. ಕಿವಿ ಓರೆ ಮಾಡಿ ಕೇಳಿದ. ಕುರಿ ಕಾಯ್ದವನ ಕಣ್ಣು. ಮಂದೆಯಲ್ಲಿ ಯಾವುದು ಕುಂಟುತ್ತಿದೆ ಎಂದು ದೂರದಿಂದಲೇ ಹೇಳುವಂಥದ್ದು. ಆ ಕಣ್ಣು ಈಗ ಧೀರೇಂದ್ರನ ಮೇಲೆ ನಿಂತಿತು.

“ನಿನ್ನಿಯಿಂದ ಇದರ ದನಿ ಬದಲಾಗೇತ್ರಿ. ನಂದ ಭ್ರಮಾ ಅಂದಕೊಂಡಿದ್ದೆ. ಇದರಾಗ ಏನರ ಐತೇನ್ರಿ ಸಾಹೇಬ್ರ?”

ಕೇಳಿದ ರೀತಿ ಎಷ್ಟು ಸರಳವಾಗಿತ್ತೆಂದರೆ ಉತ್ತರವೂ ಅಷ್ಟೇ ಸರಳವಾಗಿ ಬರಬೇಕಿತ್ತು. ಧೀರೇಂದ್ರ ಮೇಲೆ ನೋಡಿದ. ದಡದಿಂದ ಐದು ಮುಖಗಳು ಅವನನ್ನೇ ನೋಡುತ್ತಿದ್ದವು.

“ಏನೂ ಇಲ್ಲ,” ಎಂದ. “ಏನಿರ್ತದ?”

ಬೀರಣ್ಣ ಹೆಂಡತಿಗೆ ಏಳು ಎಂದು ಕೈಸನ್ನೆ ಮಾಡಿದ. ಅವಳು ಏನೋ ಆಟವೆಂದು ನಗುತ್ತ ಎದ್ದು ಪಕ್ಕಕ್ಕೆ ನಿಂತಳು. ಅವಳ ಜಾಗದಲ್ಲಿ ಅವನು ಕಾಲು ಮಡಚಿ ಕುಳಿತ, ಉಳಿಯನ್ನು ತೂತಿಗೆ ಇಟ್ಟು ಎರಡೂ ಕೈಯಲ್ಲಿ ಹಿಡಿದ.

“ಹಂಗಿದ್ರ ನೀವ ಒಂದ ಪೆಟ್ಟು ಹಾಕ್ರಿ. ಮಾಡಿದವರ ಕೈಲೇ ಆಗಲಿ.”

“ಹಾಕ್ರಿ ಸಾಹೇಬ್ರ!” ಎಂದು ಮೇಲಿನವರು ಹುರುಪಿನಿಂದ ಕೂಗಿದರು. ಭೀಮಾಶಂಕರ ಫೋಟೊ ತೆಗೆಯಲು ಮೊಬೈಲು ಎತ್ತಿ ಹಿಡಿದ.

ಘಣ ಧೀರೇಂದ್ರನ ಕೈಗೆ ಬಂತು. ಕಾವಿನಿಂದ ನೀರು ಮೊಣಕೈಯವರೆಗೆ ಇಳಿಯಿತು. ಕಬ್ಬಿಣದ ಬಾಯಿಯ ಹತ್ತಿರ ವಾರ್ನಿಶ್ ಬಿಳುಚಿ ಸಿಪ್ಪೆಯಾಗಿ ಎದ್ದಿತ್ತು. ಅದರ ಕೆಳಗೆ ಸೀಳು, ಈಗ ಉಗುರು ಹೋಗುವಷ್ಟು. ಉಬ್ಬಿದ ಕಟ್ಟಿಗೆ ಅದನ್ನು ಇನ್ನೂ ಒತ್ತಿ ಹಿಡಿದಿತ್ತು. ಒಂದು ಪೆಟ್ಟು ತಡೆದೀತು, ಹತ್ತು ತಡೆದೀತು, ಇದೇ ಪೆಟ್ಟಿಗೆ ಬಿಟ್ಟೀತು. ಅವನು ಘಣವನ್ನು ಸೊಂಟದವರೆಗೆ ಎತ್ತಿದ. ಕೆಳಗೆ ಬೀರಣ್ಣನ ಹಳದಿ ಹಣೆ. ಅವನು ಉಳಿಯನ್ನು ನೋಡುತ್ತಿರಲಿಲ್ಲ, ಕಣ್ಣು ಮಿಟುಕಿಸದೆ ಧೀರೇಂದ್ರನನ್ನೇ ನೋಡುತ್ತಿದ್ದ.

ಧೀರೇಂದ್ರ ಘಣವನ್ನು ಕೆಳಗಿಳಿಸಿ ಬಂಡೆಯ ಮೇಲೆ ಊರಿದ.

“ಸೀಳೇದ,” ಎಂದ, ಬೀರಣ್ಣನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

“ಯಾವಾಗಿಂದ?”

“ಮಾಡೂ ಮುಂದನ ಸೀಳಿತ್ತು. ಅಂಟು ತುಂಬಿ ಮುಚ್ಚಿದ್ದೆ. ನಿನಗ ಕೊಡೂಮುಂದ ನನಗ ಗೊತ್ತಿತ್ತು.”

ಬೀರಣ್ಣ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಧೀರೇಂದ್ರನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ಉಳಿಯನ್ನು ಸದ್ದಾಗದಂತೆ ಪಕ್ಕಕ್ಕೆ ಮಲಗಿಸಿದ.

“ನನಗ ಯಾಕ ಹೇಳ್ತೀರ್ರಿ? ಮೂರ ದಿನ ಇದರ ಮುಂದ ಕುಂತಾಕಿ ಅಕಿ. ಅಕಿಗಿ ಹೇಳ್ರಿ.”

ಭೀಮಾಬಾಯಿ ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ಇಬ್ಬರ ಮುಖವನ್ನೂ ನೋಡುತ್ತಿದ್ದಳು. ನಗು ಇನ್ನೂ ಹೋಗಿರಲಿಲ್ಲ. ಧೀರೇಂದ್ರ ಅವಳ ಹತ್ತಿರ ಹೋದ.

“ಭೀಮಾಬಾಯಿ, ಆ ಕಾವು...”

“ಆಂ?” ಅವಳು ಕಿವಿಗೆ ಕೈ ಹಿಡಿದಳು. “ಜೋರಲೇ ಹೇಳ್ರೀ ಯಪ್ಪಾ, ಕೇಳೂದಿಲ್ಲ.”

ಮೇಲಿನವರು ಏನು ನಡೆದಿದೆಯೆಂದು ತಿಳಿಯದೆ ಬಗ್ಗಿ ನೋಡುತ್ತಿದ್ದರು. ಭೀಮಾಶಂಕರನ ಮೊಬೈಲು ಹಾಗೆಯೇ ಇತ್ತು.

“ಕಾವು ಸೀಳಿತ್ತು!” ಎಂದು ಧೀರೇಂದ್ರ ಕೂಗಿದ. “ಗೊತ್ತಿದ್ದೂ ಕೊಟ್ಟೆ!”

ಸುತ್ತಿನ ಕಲ್ಲುಗೋಡೆ ಅದನ್ನು ಇನ್ನೊಮ್ಮೆ ಹೇಳಿತು. ದಡದ ಮೇಲಿನ ಮೊಬೈಲು ಕೆಳಗಿಳಿಯಿತು.

ಭೀಮಾಬಾಯಿ ಬಂಡೆಗೆ ಊರಿ ನಿಂತಿದ್ದ ಘಣವನ್ನು ನೋಡಿದಳು. ಅದರ ಮುಂದೆ ತಾನು ಕೂಡುತ್ತಿದ್ದ ಜಾಗವನ್ನು ನೋಡಿದಳು. ಅಲ್ಲಿ ಈಗ ಅವಳ ಗಂಡ ಕುಳಿತಿದ್ದ. ಕಿವಿಗೆ ಹಿಡಿದ ಕೈಯನ್ನು ಅವಳು ತೆಗೆಯಲಿಲ್ಲ. ಬಟ್ಟೆ ಸುತ್ತಿದ ಇನ್ನೊಂದು ಕೈ ನಿಧಾನವಾಗಿ ಮೇಲೆದ್ದು, ಹಣೆಯ ಕುಂಕುಮವನ್ನು ಮುಟ್ಟಿ, ಅಲ್ಲೇ ನಿಂತಿತು.